ಡೋಲೋ-650 ಬರೆಯಲು ವೈದ್ಯರಿಗೆ 1,000 ಕೋಟಿ ರೂಪಾಯಿ ಉಡುಗೊರೆ? ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆ ಎಷ್ಟು

ಜ್ವರದ ಸೀಸನ್ ಶುರುವಾದರೆ ಸಾಕು, ಒಂದು ಹಳೆಯ ಫಾರ್ವರ್ಡ್ ಮತ್ತೆ ಮೊಬೈಲ್‌ಗೆ ಬಂದು ಬೀಳುತ್ತದೆ. ಡೋಲೋ-650 ಮಾತ್ರೆಯನ್ನೇ ಬರೆಯಲಿ ಎಂದು ಕಂಪನಿಯು ವೈದ್ಯರಿಗೆ 1,000 ಕೋಟಿ ರೂಪಾಯಿಯ ಉಡುಗೊರೆ ಕೊಟ್ಟಿದೆ, ಇದು ಸುಪ್ರೀಂ ಕೋರ್ಟ್‌ನಲ್ಲೇ ಸಾಬೀತಾಗಿದೆ, ಆದ್ದರಿಂದ ಈ ಮಾತ್ರೆ ನುಂಗಬೇಡಿ, ವೈದ್ಯರನ್ನು ನಂಬಬೇಡಿ ಎನ್ನುವುದು ಅದರ ಸಾರಾಂಶ.

ಇದನ್ನು ಪೂರ್ತಿ ನಂಬಿದರೂ ತೊಂದರೆ, ಪೂರ್ತಿ ಸುಳ್ಳೆಂದು ತಳ್ಳಿಹಾಕಿದರೂ ತೊಂದರೆ. ನಂಬಿದವರು ಜ್ವರದಲ್ಲಿ ನರಳುತ್ತಿರುವ ಅಜ್ಜಿಗೆ ಕೊಡಬೇಕಾದ ಮಾತ್ರೆಯನ್ನೂ ಕೊಡದೆ ಇರಬಹುದು. ತಳ್ಳಿಹಾಕಿದವರು ಬಿಪಿಗೋ ಸಕ್ಕರೆ ಕಾಯಿಲೆಗೋ ಅಗತ್ಯಕ್ಕಿಂತ ದುಬಾರಿ ಬ್ರ್ಯಾಂಡನ್ನು ಜೀವನಪೂರ್ತಿ ಕೊಳ್ಳುತ್ತಾ ಇರಬಹುದು. ಹಾಗಾಗಿ ನಾವು ಈ ಸಂದೇಶವನ್ನು ತುಂಡು ತುಂಡಾಗಿ ಬಿಡಿಸಿ ನೋಡಿದ್ದೇವೆ.

ಒಂದೇ ನೋಟದಲ್ಲಿ

• 1,000 ಕೋಟಿ ಎಂಬ ಅಂಕಿ ಆಕಾಶದಿಂದ ಬಿದ್ದದ್ದಲ್ಲ. ಅದು 2022ರಲ್ಲಿ ಆದಾಯ ತೆರಿಗೆ ಇಲಾಖೆ ಮಾಡಿದ ಅಂದಾಜು.
• ಆ ಅಂದಾಜು ಡೋಲೋ ಮಾತ್ರೆಯೊಂದಕ್ಕೆ ಸಂಬಂಧಿಸಿದ್ದಲ್ಲ. ಸುಪ್ರೀಂ ಕೋರ್ಟ್ ಅದನ್ನು ಸಾಬೀತಾಗಿದೆ ಎಂದು ಹೇಳಿಲ್ಲ.
• ಡೋಲೋ-650ರಲ್ಲಿ ಇರುವುದು ಪ್ಯಾರಸಿಟಮಾಲ್. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಜ್ವರಕ್ಕೆ ಸುರಕ್ಷಿತ ಔಷಧ.
• ಔಷಧ ಕಂಪನಿಗಳ ಉಡುಗೊರೆ ಮತ್ತು ಪ್ರಚಾರ ವೈದ್ಯರು ಬರೆಯುವ ಚೀಟಿಯ ಮೇಲೆ ಪರಿಣಾಮ ಬೀರುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಈ ವಿಷಯದಲ್ಲಿ ಫಾರ್ವರ್ಡ್‌ನ ಸಂಶಯ ಸರಿ.

ಸುದ್ದಿ ಹುಟ್ಟಿದ್ದು ಎಲ್ಲಿ?

ಡೋಲೋ-650 ನಮ್ಮ ಊರಿನ ಮಾತ್ರೆ. ಅದನ್ನು ತಯಾರಿಸುವ ಮೈಕ್ರೋ ಲ್ಯಾಬ್ಸ್ ಕಂಪನಿಯ ಕೇಂದ್ರ ಕಚೇರಿ ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿದೆ. 2022ರ ಜುಲೈ 6ರಂದು ಆದಾಯ ತೆರಿಗೆ ಅಧಿಕಾರಿಗಳು ಈ ಕಂಪನಿಯ ಮೇಲೆ ಶೋಧ ನಡೆಸಿದರು. ಒಟ್ಟು 11 ರಾಜ್ಯಗಳ ಸುಮಾರು 50 ಸ್ಥಳಗಳಲ್ಲಿ ಶೋಧ ನಡೆಯಿತು.

ಒಂದು ವಾರದ ನಂತರ, ಜುಲೈ 13ರಂದು, ಕೇಂದ್ರ ನೇರ ತೆರಿಗೆ ಮಂಡಳಿ ಒಂದು ಹೇಳಿಕೆ ಹೊರಡಿಸಿತು. ಅದರಲ್ಲಿ ಕಂಪನಿಯ ಹೆಸರೂ ಇರಲಿಲ್ಲ, ಮಾತ್ರೆಯ ಹೆಸರೂ ಇರಲಿಲ್ಲ. ಬೆಂಗಳೂರು ಮೂಲದ ದೊಡ್ಡ ಔಷಧ ಸಮೂಹ ಎಂದಷ್ಟೇ ಇತ್ತು. ತನ್ನ ಉತ್ಪನ್ನಗಳ ಪ್ರಚಾರಕ್ಕಾಗಿ ವೈದ್ಯರ ಪ್ರಯಾಣ ವೆಚ್ಚ, ಸವಲತ್ತು ಮತ್ತು ಉಡುಗೊರೆಗಳಿಗೆ ಹಣ ಸುರಿದು, ಅದನ್ನು ಪ್ರಚಾರ, ಸೆಮಿನಾರ್, ವೈದ್ಯಕೀಯ ಸಲಹೆ ಮುಂತಾದ ತಲೆಬರಹಗಳ ಕೆಳಗೆ ಖರ್ಚು ತೋರಿಸಲಾಗಿದೆ ಎಂಬುದು ಇಲಾಖೆಯ ಆರೋಪ. ಇಂಥ ಉಡುಗೊರೆಗಳ ಮೊತ್ತ ಸುಮಾರು 1,000 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿದೆ ಎಂದು ಹೇಳಿಕೆಯಲ್ಲಿತ್ತು.

ಮುಂದಿನ ತಿಂಗಳು ಈ ಅಂಕಿ ಸುಪ್ರೀಂ ಕೋರ್ಟ್ ತಲುಪಿತು. ಔಷಧ ಪ್ರಚಾರಕ್ಕೆ ಕಾನೂನಿನ ಬಲವಿರುವ ನಿಯಮ ಬೇಕೆಂದು ಒಂದು ಅರ್ಜಿ ಅಲ್ಲಿ ಮೊದಲೇ ಇತ್ತು. ಅದನ್ನು ಹಾಕಿದವರು ರೋಗಿಗಳಲ್ಲ, ವೈದ್ಯರೂ ಅಲ್ಲ. ಸ್ವತಃ ಮೆಡಿಕಲ್ ರೆಪ್‌ಗಳ ಅಖಿಲ ಭಾರತ ಒಕ್ಕೂಟ. 2022ರ ಆಗಸ್ಟ್ 18ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕೊಡಗಿನವರಾದ ಎ.ಎಸ್. ಬೋಪಣ್ಣ ಅವರ ಪೀಠದ ಮುಂದೆ ಒಕ್ಕೂಟದ ವಕೀಲ ಸಂಜಯ್ ಪಾರಿಖ್ ಡೋಲೋ ಉದಾಹರಣೆ ಕೊಟ್ಟು 1,000 ಕೋಟಿಯ ಮಾತೆತ್ತಿದರು. ತಮಗೆ ಕೋವಿಡ್ ಬಂದಾಗಲೂ ಇದೇ ಮಾತ್ರೆ ತೆಗೆದುಕೊಳ್ಳಲು ಹೇಳಿದ್ದರು, ಇದು ಗಂಭೀರ ವಿಷಯ ಎಂದು ನ್ಯಾಯಮೂರ್ತಿ ಚಂದ್ರಚೂಡ್ ಹೇಳಿದರು. ಮರುದಿನ ಎಲ್ಲ ಪತ್ರಿಕೆ, ಟಿವಿಗಳಲ್ಲೂ ಅದೇ ಸುದ್ದಿ.

ಇಲ್ಲೇ ಫಾರ್ವರ್ಡ್ ಹಳಿ ತಪ್ಪಿತು. ವಕೀಲರು ವಾದದಲ್ಲಿ ಹೇಳಿದ ಮಾತು ತೀರ್ಪಲ್ಲ. ನ್ಯಾಯಮೂರ್ತಿಗಳು ವಿಚಾರಣೆಯ ನಡುವೆ ಆಡಿದ ಮಾತೂ ತೀರ್ಪಲ್ಲ. ಆ ದಿನ ಕೋರ್ಟ್ ಕೇಂದ್ರ ಸರ್ಕಾರದ ಉತ್ತರ ಕೇಳಿತೇ ಹೊರತು ಯಾರನ್ನೂ ತಪ್ಪಿತಸ್ಥರೆಂದು ಘೋಷಿಸಲಿಲ್ಲ.

1,000 ಕೋಟಿಯ ಲೆಕ್ಕ ಕೂಡುತ್ತದೆಯೇ?

ಒಂದು ಸರಳ ಲೆಕ್ಕ ಮಾಡೋಣ. ಮಾರುಕಟ್ಟೆ ಸಂಶೋಧನಾ ಸಂಸ್ಥೆ ಐಕ್ಯೂವಿಐಎ ಅಂಕಿಗಳನ್ನು ಆಧರಿಸಿದ ಮಾಧ್ಯಮ ವರದಿಗಳ ಪ್ರಕಾರ, 2020ರ ಮಾರ್ಚ್‌ನಿಂದ 2021ರ ಕೊನೆಯವರೆಗೆ ಡೋಲೋ-650ರ ಮಾರಾಟ ಸುಮಾರು 567 ಕೋಟಿ ರೂಪಾಯಿ. 567 ಕೋಟಿ ವ್ಯಾಪಾರಕ್ಕೆ ಯಾರಾದರೂ 1,000 ಕೋಟಿ ಉಡುಗೊರೆ ಕೊಡುತ್ತಾರೆಯೇ? ಕಂಪನಿಯೂ ಇದೇ ವಾದ ಮುಂದಿಟ್ಟಿತು. ಕೋವಿಡ್ ವರ್ಷದಲ್ಲಿ 350 ಕೋಟಿ ವ್ಯಾಪಾರ ಮಾಡಿದ ಬ್ರ್ಯಾಂಡಿಗೆ 1,000 ಕೋಟಿ ಖರ್ಚು ಮಾಡುವುದು ಅಸಾಧ್ಯ ಎಂದು ಅದರ ಹಿರಿಯ ಅಧಿಕಾರಿ ಮಾಧ್ಯಮಗಳಿಗೆ ಹೇಳಿದರು. ಆಮೇಲೆ ಔಷಧ ಉದ್ಯಮದ ಸಂಘಟನೆಯಾದ ಇಂಡಿಯನ್ ಫಾರ್ಮಾಸ್ಯೂಟಿಕಲ್ ಅಲಯನ್ಸ್ ಕೂಡ, ಒಂದೇ ಬ್ರ್ಯಾಂಡಿಗೆ ಒಂದೇ ವರ್ಷದಲ್ಲಿ 1,000 ಕೋಟಿ ಎಂಬ ಮಾತು ಸರಿಯಲ್ಲ ಎಂದು ವರದಿ ಕೊಟ್ಟಿತು.

ಈ ಮಟ್ಟಿಗೆ ಫಾರ್ವರ್ಡ್ ತಪ್ಪು. ಆದರೆ ಇನ್ನೆರಡು ಮಾತನ್ನೂ ಗಮನಿಸಬೇಕು. ಇಲಾಖೆಯ ಹೇಳಿಕೆ ಇಡೀ ಸಮೂಹದ ಬಗ್ಗೆ ಇತ್ತು. ಒಂದು ಮಾತ್ರೆಯದೆಂದೂ ಹೇಳಿರಲಿಲ್ಲ, ಒಂದು ವರ್ಷದ್ದೆಂದೂ ಹೇಳಿರಲಿಲ್ಲ. ಹಾಗಾಗಿ ಡೋಲೋ ಲೆಕ್ಕ ಸುಳ್ಳಾದ ಮಾತ್ರಕ್ಕೆ ಇಲಾಖೆಯ ಆರೋಪ ತಾನಾಗಿ ಬಿದ್ದುಹೋಗುವುದಿಲ್ಲ. ಎರಡನೆಯದು, ಉದ್ಯಮದ ಸಂಘಟನೆ ಉದ್ಯಮದ ಬಗ್ಗೆ ಕೊಟ್ಟ ವರದಿಯನ್ನು ಸ್ವತಂತ್ರ ತನಿಖೆ ಎನ್ನಲಾಗದು.

ಹಾಗಾದರೆ ಅಷ್ಟೊಂದು ಡೋಲೋ ಖರ್ಚಾಗಿದ್ದು ಏಕೆ?

ಕೋವಿಡ್ ಕಾಲದಲ್ಲಿ ಕೋಟ್ಯಂತರ ಜನರಿಗೆ ಒಟ್ಟಿಗೆ ಜ್ವರ ಬಂತು. ಮನೆಯಲ್ಲೇ ಐಸೊಲೇಷನ್‌ನಲ್ಲಿ ಇರುವವರಿಗಾಗಿ ಕೇಂದ್ರ ಆರೋಗ್ಯ ಸಚಿವಾಲಯ 2021ರ ಏಪ್ರಿಲ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೇ ಪ್ಯಾರಸಿಟಮಾಲ್ 650 ಮಿಲಿಗ್ರಾಂ ದಿನಕ್ಕೆ ನಾಲ್ಕು ಬಾರಿ ಎಂಬ ಪ್ರಮಾಣ ಇತ್ತು. ಅದಕ್ಕೂ ಜ್ವರ ಇಳಿಯದಿದ್ದರೆ ವೈದ್ಯರನ್ನು ಕಾಣಿ ಎಂದಿತ್ತು. ಲಸಿಕೆ ಹಾಕಿಸಿಕೊಂಡ ಮೇಲೆ ಬರುವ ಜ್ವರ, ಮೈಕೈ ನೋವಿಗೂ ಪ್ಯಾರಸಿಟಮಾಲೇ ಮದ್ದಾಯಿತು. 650 ಎಂದರೆ ಡೋಲೋ ಎಂಬ ಹೆಸರು ಜನರ ಬಾಯಲ್ಲಿ ನಿಂತುಬಿಟ್ಟಿತ್ತು. ಜೆರಾಕ್ಸ್ ಅಂಗಡಿ, ಬಿಸ್ಲೇರಿ ನೀರು ಎನ್ನುವ ಹಾಗೆ ಬ್ರ್ಯಾಂಡಿನ ಹೆಸರೇ ವಸ್ತುವಿನ ಹೆಸರಾಯಿತು. 2022ರ ಜನವರಿಯಲ್ಲಿ ಡೋಲೋ ಬಗ್ಗೆ ಮೀಮ್‌ಗಳ ಮಳೆಯೇ ಸುರಿಯಿತು. ಆ ಮೀಮ್‌ಗಳನ್ನು ಹಂಚಿದವರಲ್ಲಿ ನಾವೂ ನೀವೂ ಇದ್ದೆವು. ಕಂಪನಿಗೆ ಅದು ಪುಕ್ಕಟೆ ಜಾಹೀರಾತು.

500 ಮಿಲಿಗ್ರಾಂಗಿಂತ 650 ಮಿಲಿಗ್ರಾಂ ವಿಶೇಷವೇ? ಔಷಧ ಒಂದೇ, ಪ್ರಮಾಣ ಮಾತ್ರ ಬೇರೆ. ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 1,000 ಮಿಲಿಗ್ರಾಂವರೆಗೆ ಕೊಡುವುದು ರೂಢಿ. 650 ಇವೆರಡರ ನಡುವೆ ಬರುತ್ತದೆ. ಡೋಲೋ ಹೆಸರಿನ 650ಕ್ಕೂ ಬೇರೆ ಹೆಸರಿನ 650ಕ್ಕೂ ಒಳಗಿರುವ ಔಷಧದಲ್ಲಿ ವ್ಯತ್ಯಾಸವಿಲ್ಲ.

'650ಕ್ಕೆ ಬೆಲೆ ನಿಯಂತ್ರಣವೇ ಇಲ್ಲ' ಎನ್ನುವುದು ನಿಜವೇ?

500 ಮಿಲಿಗ್ರಾಂವರೆಗೆ ಮಾತ್ರ ಸರ್ಕಾರ ಬೆಲೆ ಕಟ್ಟಿದೆ, ಅದನ್ನು ತಪ್ಪಿಸಿಕೊಳ್ಳಲೆಂದೇ 650 ತಂದರು ಎಂಬ ಮಾತೂ ಫಾರ್ವರ್ಡ್‌ಗಳಲ್ಲಿದೆ. ಕೋರ್ಟ್‌ನಲ್ಲೂ ಈ ವಾದ ಕೇಳಿಬಂದಿತ್ತು. ಆದರೆ ಕೇಂದ್ರದ ಅಗತ್ಯ ಔಷಧಗಳ ಪಟ್ಟಿಯಲ್ಲಿ 500 ಮತ್ತು 650 ಮಿಲಿಗ್ರಾಂ ಎರಡೂ ಇವೆ. ಈ ಪಟ್ಟಿಯಲ್ಲಿರುವ ಔಷಧಗಳಿಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. 15 ಮಾತ್ರೆಯ ಡೋಲೋ ಸ್ಟ್ರಿಪ್ 2022ರಲ್ಲಿ 30 ರೂಪಾಯಿಯ ಆಸುಪಾಸಿನಲ್ಲೇ ಸಿಗುತ್ತಿತ್ತು. ಹಾಗಾಗಿ ಈ ಹೇಳಿಕೆ ತಪ್ಪು.

ಔಷಧದ ಜಾಹೀರಾತು ನಮಗೆ ಕಾಣುವುದೇ ಇಲ್ಲವಲ್ಲ, ಏಕೆ?

ಸೋಪು, ಟೀ ಪುಡಿಯ ಜಾಹೀರಾತು ನಮ್ಮ ಕಣ್ಣ ಮುಂದೆಯೇ ನಡೆಯುತ್ತದೆ. ವೈದ್ಯರ ಚೀಟಿ ಬೇಕಾದ ಔಷಧವನ್ನು ಹಾಗೆ ಸಾರ್ವಜನಿಕರಿಗೆ ಜಾಹೀರಾತು ಮಾಡುವಂತಿಲ್ಲ. 1954ರ ಆಕ್ಷೇಪಾರ್ಹ ಔಷಧ ಜಾಹೀರಾತು ಕಾಯ್ದೆ ಹಲವು ಕಾಯಿಲೆಗಳ ಹೆಸರಿನಲ್ಲಿ ಜನರಿಗೆ ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಆದರೆ ನೋಂದಾಯಿತ ವೈದ್ಯರಿಗೆ ಗೋಪ್ಯವಾಗಿ ಕಳಿಸುವ ಮಾಹಿತಿಗೆ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಕಂಪನಿಗಳ ಪ್ರಚಾರವೆಲ್ಲ ಹರಿಯುವುದು ವೈದ್ಯರ ಕಡೆಗೆ. ಇಲ್ಲಿ ವಸ್ತುವನ್ನು ಆಯ್ಕೆ ಮಾಡುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ನೈತಿಕತೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ.

ನೀವು ಶಿವಾಜಿನಗರದಲ್ಲಿರಿ, ಹಲಸೂರಿನಲ್ಲಿರಿ, ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರಿ, ಕೆ.ಆರ್. ಪುರದಲ್ಲಿರಿ, ಯಾವುದೇ ಕ್ಲಿನಿಕ್‌ನ ಬೆಂಚಿನ ಮೇಲೆ ಕೂತಾಗ ಇದನ್ನು ಗಮನಿಸಿರುತ್ತೀರಿ. ಇಸ್ತ್ರಿ ಮಾಡಿದ ಶರ್ಟು, ಹೆಗಲಿಗೆ ಭಾರದ ಬ್ಯಾಗು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಯುವಕ ಅಥವಾ ಯುವತಿ ಮೂಲೆಯಲ್ಲಿ ನಿಂತು ಕಾಯುತ್ತಿರುತ್ತಾರೆ. ಎರಡು ರೋಗಿಗಳ ನಡುವೆ ಸಿಗುವ ಒಂದೆರಡು ನಿಮಿಷದಲ್ಲಿ ಒಳಹೋಗಿ, ಮೂರ್ನಾಲ್ಕು ಔಷಧಗಳ ಗುಣಗಾನ ಮಾಡಿ, ಸ್ಯಾಂಪಲ್ ಇಟ್ಟು, ನೆನಪಿಗೊಂದು ಪೆನ್ನೋ ಕ್ಯಾಲೆಂಡರೋ ಕೊಟ್ಟು ಬರುತ್ತಾರೆ. ಇದಕ್ಕೆ ಅವರ ಭಾಷೆಯಲ್ಲಿ 'ಡಿಟೇಲಿಂಗ್' ಎನ್ನುತ್ತಾರೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕ್ಲಿನಿಕ್‌ನ ಪಕ್ಕದ ಮೆಡಿಕಲ್ ಸ್ಟೋರ್‌ಗೆ ಹೋಗಿ ಯಾವ ವೈದ್ಯರು ಯಾವ ಬ್ರ್ಯಾಂಡ್ ಎಷ್ಟು ಬರೆಯುತ್ತಿದ್ದಾರೆ ಎಂದು ವಿಚಾರಿಸುವುದೂ ಅವರ ಕೆಲಸದ ಭಾಗ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಅವರ ಕೆಲಸಕ್ಕೇ ಕುತ್ತು. ರೆಪ್‌ಗಳ ಒಕ್ಕೂಟವೇ ಕೋರ್ಟ್ ಮೆಟ್ಟಿಲೇರಿದ್ದರ ಹಿಂದೆ ಈ ಒತ್ತಡವೂ ಇದೆ. ಫಾರ್ವರ್ಡ್‌ಗಳು ರೆಪ್‌ಗಳನ್ನು ಖಳನಾಯಕರಂತೆ ಚಿತ್ರಿಸುತ್ತವೆ. ನಿಯಮ ಬಿಗಿಯಾಗಲಿ ಎಂದು ಕೇಳಿದವರು ಅವರೇ ಎಂಬುದನ್ನು ಹೇಳುವುದಿಲ್ಲ.

ಒಂದು ಪೆನ್ನು, ಒಂದು ಊಟಕ್ಕೆ ವೈದ್ಯರು ಬದಲಾಗುತ್ತಾರೆಯೇ?

ಬಹಳಷ್ಟು ವೈದ್ಯರು ಇಲ್ಲ ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ ಹೇಳುತ್ತಾರೆ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ತರಬೇತಿಯಲ್ಲಿದ್ದ ವೈದ್ಯರನ್ನು ಈ ಪ್ರಶ್ನೆ ಕೇಳಿದ್ದರು. ಕಂಪನಿಯ ಪ್ರಚಾರ ತಮ್ಮ ಮೇಲೆ ಪರಿಣಾಮ ಬೀರುವುದಿಲ್ಲ ಎಂದವರು ಶೇ 61. ಬೇರೆ ವೈದ್ಯರ ಮೇಲೂ ಬೀರುವುದಿಲ್ಲ ಎಂದವರು ಶೇ 16 ಮಾತ್ರ! ನಾನು ಸರಿಯಿದ್ದೇನೆ, ಪಕ್ಕದವರ ಬಗ್ಗೆ ಗೊತ್ತಿಲ್ಲ ಎನ್ನುವ ಮನುಷ್ಯ ಸಹಜ ನಂಬಿಕೆ ಇದು.

2016ರಲ್ಲಿ ಅಮೆರಿಕದ 2.79 ಲಕ್ಷ ವೈದ್ಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಕಂಪನಿಯಿಂದ ಒಂದೇ ಒಂದು ಊಟ, ಅದೂ ಸರಾಸರಿ 20 ಡಾಲರ್‌ಗಿಂತ ಕಡಿಮೆಯದ್ದು, ಪಡೆದ ವೈದ್ಯರು ಕೂಡ ಆ ಕಂಪನಿಯ ಬ್ರ್ಯಾಂಡನ್ನು ಹೆಚ್ಚು ಬರೆಯುತ್ತಿದ್ದುದು ಕಂಡುಬಂತು. ಊಟಗಳು ಹೆಚ್ಚಾದಷ್ಟೂ ಬರೆಯುವುದೂ ಹೆಚ್ಚು. ಊಟವೇ ಕಾರಣ ಎಂದು ಇಂಥ ಅಧ್ಯಯನ ಖಚಿತವಾಗಿ ಹೇಳಲಾರದು, ಎರಡೂ ಒಟ್ಟಿಗೆ ಕಾಣುತ್ತವೆ ಎಂದಷ್ಟೇ ಹೇಳಬಲ್ಲದು. ಆದರೆ ಇದು ಒಂಟಿ ಅಧ್ಯಯನವಲ್ಲ. 2010ರಲ್ಲಿ 58 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವಿಮರ್ಶೆಯಲ್ಲಿ, ಕಂಪನಿಗಳ ಮಾಹಿತಿಯಿಂದ ವೈದ್ಯರು ಬರೆಯುವ ಔಷಧದ ಗುಣಮಟ್ಟ ಸುಧಾರಿಸಿತು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಹೆಚ್ಚು ಬರೆಯುವುದು, ಹೆಚ್ಚು ಖರ್ಚು ಅಥವಾ ಕಡಿಮೆ ಗುಣಮಟ್ಟದ ಜೊತೆಗಿನ ನಂಟೇ ಹೆಚ್ಚಾಗಿ ಕಂಡಿತು.

ನಮ್ಮ ಹಿರಿಯರಿಗೆ ಇದನ್ನು ವಿವರಿಸಲು ಅಧ್ಯಯನವೇ ಬೇಕಿಲ್ಲ. ಉಂಡ ಮನೆಗೆ ಎರಡು ಬಗೆಯಬೇಡ ಎಂದು ಅವರು ಹೇಳಿದ್ದು ಉಪ್ಪಿನ ಋಣದ ಬಗ್ಗೆಯೇ. ಆ ಋಣದ ಭಾವ ಮನುಷ್ಯರಲ್ಲಿ ಒಳ್ಳೆಯ ಗುಣ. ಅದನ್ನು ಔಷಧ ಮಾರಲು ಬಳಸಿಕೊಂಡಾಗ ಅದರ ಬೆಲೆ ತೆರುವವರು ಆ ಊಟದಲ್ಲಿ ಇರದಿದ್ದ ಮೂರನೆಯವರು, ಅಂದರೆ ರೋಗಿ.

ರೆಪ್ ಹೇಳುವ ಮಾಹಿತಿ ಸುಳ್ಳೇ?

ಅಪ್ಪಟ ಸುಳ್ಳು ಅಪರೂಪ. ಅರ್ಧ ಸತ್ಯವೇ ಹೆಚ್ಚು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೂರು ಉದಾಹರಣೆ ನೋಡೋಣ.

ಮೊದಲನೆಯದು ಶೇಕಡಾ ಲೆಕ್ಕದ ಆಟ. 100 ಜನರಲ್ಲಿ ಇಬ್ಬರಿಗೆ ಹೃದಯಾಘಾತ ಆಗುತ್ತಿತ್ತು, ಹೊಸ ಮಾತ್ರೆಯಿಂದ ಒಬ್ಬರಿಗೆ ಮಾತ್ರ ಆಯಿತು ಎಂದುಕೊಳ್ಳಿ. 'ಅಪಾಯ ಶೇ 50ರಷ್ಟು ಇಳಿಕೆ' ಎಂದರೂ ಸುಳ್ಳಲ್ಲ, '100ರಲ್ಲಿ ಒಬ್ಬರಿಗೆ ಲಾಭ' ಎಂದರೂ ಸುಳ್ಳಲ್ಲ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಯಾವುದು ಬರುತ್ತದೆ ಎಂದು ನೀವೇ ಊಹಿಸಬಹುದು.

ಎರಡನೆಯದು ಹೆಸರಿಗಷ್ಟೇ ಆಧಾರ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ಪೇನ್‌ನ ಸಂಶೋಧಕರು, ವೈದ್ಯಕೀಯ ಪತ್ರಿಕೆಗಳ ಔಷಧ ಜಾಹೀರಾತುಗಳು ಕೊಟ್ಟ ಆಧಾರ ಗ್ರಂಥಗಳನ್ನು ಹುಡುಕಿ ತೆಗೆದು ಓದಿದರು. ಪರಿಶೀಲಿಸಿದ 102 ಆಧಾರಗಳಲ್ಲಿ ಶೇ 44ರಷ್ಟು ಜಾಹೀರಾತಿನ ಮಾತನ್ನು ಬೆಂಬಲಿಸುತ್ತಲೇ ಇರಲಿಲ್ಲ. ವಾಟ್ಸಾಪ್ ಸಂದೇಶದ ಕೊನೆಯಲ್ಲಿ 'ನಾಸಾ ದೃಢಪಡಿಸಿದೆ' ಎಂದು ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ತಂತ್ರ.

ಮೂರನೆಯದು ಅತ್ಯಂತ ದುಬಾರಿ ಉದಾಹರಣೆ. 1980ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದೇ ವಾಕ್ಯಗಳ ಒಂದು ಪತ್ರ ಪ್ರಕಟವಾಗಿತ್ತು. ಆಸ್ಪತ್ರೆಯಲ್ಲಿ ಅಫೀಮು ಮೂಲದ ನೋವುನಿವಾರಕ ಪಡೆದವರಲ್ಲಿ ಚಟ ಅಪರೂಪ ಎಂದು ಅದರಲ್ಲಿತ್ತು. ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗುವವರ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ಆ ಪತ್ರ ಮುಂದೆ 600ಕ್ಕೂ ಹೆಚ್ಚು ಲೇಖನಗಳಲ್ಲಿ ಉಲ್ಲೇಖವಾಯಿತು. ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಚಟದ ಅಪಾಯ ತೀರಾ ಕಡಿಮೆ ಎಂದೇ ವೈದ್ಯರಿಗೆ ಪ್ರಚಾರ ಮಾಡಿತು. 2007ರಲ್ಲಿ ಆ ದಾರಿ ತಪ್ಪಿಸುವ ಪ್ರಚಾರಕ್ಕೆ ಕೋರ್ಟ್‌ನಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಮನೆಗಳಿಗೆ ಚಟ ಕಾಲಿಟ್ಟಾಗಿತ್ತು.

ನಮ್ಮಲ್ಲಿ ಇದರ ಹತ್ತಿರದ ರೂಪ, ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳು. ವೈಜ್ಞಾನಿಕ ಸಮರ್ಥನೆ ಇಲ್ಲವೆಂದು ಕೇಂದ್ರ ಸರ್ಕಾರ 2016ರಲ್ಲಿ ಇಂಥ 344 ಮಿಶ್ರಣಗಳನ್ನು, 2024ರ ಆಗಸ್ಟ್‌ನಲ್ಲಿ ಇನ್ನೂ 156 ಮಿಶ್ರಣಗಳನ್ನು ನಿಷೇಧಿಸಿತು. ನಿಷೇಧವಾಗುವ ಹಿಂದಿನ ದಿನದವರೆಗೂ ಅವು ಅಂಗಡಿಯಲ್ಲಿ ಸಿಗುತ್ತಿದ್ದವು. ಅವುಗಳನ್ನೂ ಯಾರೋ ವೈದ್ಯರಿಗೆ ಪರಿಚಯಿಸಿದ್ದರು, ಯಾರೋ ಬರೆದಿದ್ದರು.

ಕಾನೂನು ಏನು ಹೇಳುತ್ತದೆ?

ನಿಯಮಗಳು ಇಲ್ಲವೇ ಇಲ್ಲ ಎನ್ನುವುದು ತಪ್ಪು. ಇವೆ, ಆದರೆ ಹಲ್ಲು ಕಡಿಮೆ.

• 2009: ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಗಳಿಗೆ ತಿದ್ದುಪಡಿ ಬಂತು. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಪಡೆಯುವುದು ನಿಷಿದ್ಧವಾಯಿತು.
• 2016: ಶಿಕ್ಷೆಯ ಪ್ರಮಾಣ ನಿಗದಿಯಾಯಿತು. ಒಂದು ಲಕ್ಷ ರೂಪಾಯಿಗೂ ಮೀರಿದ ಉಡುಗೊರೆ ಪಡೆದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವೈದ್ಯರ ಪಟ್ಟಿಯಿಂದ ಹೆಸರು ತೆಗೆಯಬಹುದು. ಆದರೆ ಅದೇ ವರ್ಷ ವೈದ್ಯರ ಸಂಘಗಳನ್ನು ಈ ನಿಷೇಧದ ವ್ಯಾಪ್ತಿಯಿಂದ ಹೊರಗಿಡಲಾಯಿತು.
• 2022ರ ಫೆಬ್ರುವರಿ 22: ಚೆನ್ನೈನ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಝಿಂಕೋವಿಟ್ ಪ್ರಚಾರಕ್ಕೆ ವೈದ್ಯರಿಗೆ ಕೊಟ್ಟ ಉಡುಗೊರೆಗಳ 4.72 ಕೋಟಿ ರೂಪಾಯಿಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಕೇಳಲು ಬರುವುದಿಲ್ಲ ಎಂದು ಕೋರ್ಟ್ ಹೇಳಿತು. ಇದು ನಿಜವಾದ ತೀರ್ಪು. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಬೇಕು.
• 2022ರ ಜುಲೈ 1: ವೃತ್ತಿಗೆ ಸಂಬಂಧಿಸಿ ವರ್ಷಕ್ಕೆ 20,000 ರೂಪಾಯಿಗೂ ಮೀರಿದ ಸವಲತ್ತು ಕೊಟ್ಟರೆ ಶೇ 10ರಷ್ಟು ತೆರಿಗೆ ಕಡಿತ ಮಾಡಬೇಕೆಂಬ ನಿಯಮ ಜಾರಿ.
• 2024ರ ಮಾರ್ಚ್ 12: ಕೇಂದ್ರದ ಔಷಧ ಇಲಾಖೆ ಏಕರೂಪ ಪ್ರಚಾರ ಸಂಹಿತೆ ಹೊರಡಿಸಿತು. 2015ರಿಂದ ಇದ್ದ ಸ್ವಯಂಪ್ರೇರಿತ ಸಂಹಿತೆಯ ಜಾಗಕ್ಕೆ ಇದು ಬಂತು.

ಈ ಹೊಸ ಸಂಹಿತೆಯಲ್ಲಿ ಒಳ್ಳೆಯ ಅಂಶಗಳಿವೆ. ವೈದ್ಯರಿಗಾಗಲಿ ಅವರ ಕುಟುಂಬಕ್ಕಾಗಲಿ ವೈಯಕ್ತಿಕ ಉಡುಗೊರೆ ಕೊಡುವಂತಿಲ್ಲ. ವಿದೇಶದಲ್ಲಿ ಕಾರ್ಯಾಗಾರ ನಡೆಸುವಂತಿಲ್ಲ. ನೆನಪಿನ ವಸ್ತು 1,000 ರೂಪಾಯಿ ಮೀರುವಂತಿಲ್ಲ. ಒಬ್ಬ ವೈದ್ಯರಿಗೆ ಒಂದು ಔಷಧದ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್ ಮಾತ್ರ. 'ಸುರಕ್ಷಿತ' ಎಂಬ ಪದವನ್ನು ವಿವರಣೆ ಇಲ್ಲದೆ ಬಳಸುವಂತಿಲ್ಲ. ಅಡ್ಡಪರಿಣಾಮವೇ ಇಲ್ಲ ಎಂದು ಹೇಳುವಂತಿಲ್ಲ. ಮಾರುಕಟ್ಟೆಗೆ ಬಂದು ವರ್ಷ ಕಳೆದ ಔಷಧವನ್ನು 'ಹೊಸದು' ಎನ್ನುವಂತಿಲ್ಲ.

ಕೊರತೆ ಏನು? ಇದು ಸಂಸತ್ತು ಮಾಡಿದ ಕಾಯ್ದೆಯಲ್ಲ. ದೂರನ್ನು ಮೊದಲು ವಿಚಾರಿಸುವುದು ಉದ್ಯಮ ಸಂಘಟನೆಗಳ ಒಳಗಿನ ಸಮಿತಿಯೇ. ಶಿಕ್ಷೆ ಎಂದರೆ ಛೀಮಾರಿ, ಸಂಘಟನೆಯಿಂದ ಅಮಾನತು ಅಥವಾ ಉಚ್ಚಾಟನೆ. 2024ರ ಡಿಸೆಂಬರ್‌ನಲ್ಲಿ ಅಬ್‌ವೀ ಹೆಲ್ತ್‌ಕೇರ್ ಇಂಡಿಯಾ ಕಂಪನಿ 30 ವೈದ್ಯರನ್ನು ಪ್ಯಾರಿಸ್ ಮತ್ತು ಮೊನಾಕೊಗೆ ಕಳಿಸಲು 1.91 ಕೋಟಿ ರೂಪಾಯಿ ಖರ್ಚು ಮಾಡಿದ್ದಕ್ಕೆ ಔಷಧ ಇಲಾಖೆಯ ಸಮಿತಿ ಛೀಮಾರಿ ಹಾಕಿತು. ತೆರಿಗೆ ಮಂಡಳಿ ಮತ್ತು ವೈದ್ಯಕೀಯ ಆಯೋಗಕ್ಕೂ ಕ್ರಮಕ್ಕಾಗಿ ಬರೆಯಿತು. ಅಮೆರಿಕದಲ್ಲಿ ಯಾವ ಕಂಪನಿ ಯಾವ ವೈದ್ಯರಿಗೆ ಎಷ್ಟು ಕೊಟ್ಟಿತು ಎಂಬುದನ್ನು ಯಾರು ಬೇಕಾದರೂ ಸರ್ಕಾರಿ ಜಾಲತಾಣದಲ್ಲಿ ನೋಡಬಹುದು. ಊಟದ ಅಧ್ಯಯನ ಸಾಧ್ಯವಾಗಿದ್ದೂ ಇದರಿಂದಲೇ. ನಮ್ಮ ರೋಗಿಗಳಿಗೆ ಅಂಥ ಸೌಲಭ್ಯ ಇಲ್ಲ.

ಹಾಗಾದರೆ ವೈದ್ಯರನ್ನು ನಂಬುವುದೇ ಬೇಡವೇ?

ಖಂಡಿತ ಹಾಗಲ್ಲ. ರೆಪ್‌ಗಳನ್ನು ಭೇಟಿಯಾಗದ, ಸ್ಯಾಂಪಲ್‌ಗಳನ್ನೆಲ್ಲ ಬಡ ರೋಗಿಗಳಿಗೇ ಕೊಟ್ಟುಬಿಡುವ ವೈದ್ಯರೂ ಇದ್ದಾರೆ. ಬ್ರ್ಯಾಂಡ್ ಹೆಸರು ಬರೆಯುವುದರ ಹಿಂದೆಲ್ಲ ಉಡುಗೊರೆ ಇರುತ್ತದೆ ಎನ್ನಲಾಗದು. ಪರಿಚಿತ ಬ್ರ್ಯಾಂಡಿನ ಗುಣಮಟ್ಟದ ಮೇಲೆ ಭರವಸೆ ಇರುವುದೂ ಒಂದು ಕಾರಣ. ಜೆನೆರಿಕ್ ಹೆಸರನ್ನೇ ಬರೆಯಬೇಕು, ತಪ್ಪಿದರೆ ಶಿಕ್ಷೆ ಎಂಬ ಅಂಶವಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ನಿಯಮಗಳು 2023ರ ಆಗಸ್ಟ್‌ನಲ್ಲಿ ಬಂದಾಗ ವೈದ್ಯರ ಸಂಘಗಳು ಮುಂದಿಟ್ಟ ಆಕ್ಷೇಪವೂ ಇದೇ. ಮೂರು ವಾರದೊಳಗೆ ಆ ನಿಯಮಗಳನ್ನು ತಡೆಹಿಡಿಯಲಾಯಿತು. ಎಲ್ಲ ಜೆನೆರಿಕ್ ಔಷಧಗಳ ಗುಣಮಟ್ಟವನ್ನು ಸರ್ಕಾರ ಖಾತರಿಪಡಿಸುವವರೆಗೆ ಈ ವಾದಕ್ಕೆ ಬಲ ಇದ್ದೇ ಇರುತ್ತದೆ.

ಆದ್ದರಿಂದ ಪ್ರಶ್ನೆ ಕೇಳಿ, ಚಿಕಿತ್ಸೆ ಬಿಡಬೇಡಿ.

ನೀವು ಏನು ಮಾಡಬಹುದು?

1. ವೈದ್ಯರನ್ನು ನೇರವಾಗಿ ಕೇಳಿ. 'ಡಾಕ್ಟ್ರೇ, ಈ ಮಾತ್ರೆ ಯಾವುದಕ್ಕೆ? ಎಷ್ಟು ದಿನ ತಗೋಬೇಕು? ಇದರ ಜೆನೆರಿಕ್ ಹೆಸರು ಬರೆದುಕೊಡ್ತೀರಾ? ಇದೇ ಕೆಲಸ ಮಾಡೋ ಕಡಿಮೆ ಬೆಲೆಯದ್ದು ಇದೆಯಾ?' ಇಷ್ಟು ಕೇಳುವುದು ಅವಮರ್ಯಾದೆಯಲ್ಲ. ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು 2016ರ ನಿಯಮವೇ ಹೇಳುತ್ತದೆ.

2. ಚೀಟಿಯಲ್ಲೇ ಬರೆಸಿಕೊಳ್ಳಿ. ವೈದ್ಯರ ಚೀಟಿ ಬೇಕಾದ ಔಷಧಕ್ಕೆ ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಅಂಗಡಿಯವರು ತಾವಾಗಿ ಬೇರೆ ಬ್ರ್ಯಾಂಡ್ ಕೊಡಲು ಕಾನೂನು ಬಿಡುವುದಿಲ್ಲ. ಜೆನೆರಿಕ್ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲೂ ಕೇಳಬಹುದು.

3. ಬೆಲೆ ನೋಡಿ. ಔಷಧ ಬೆಲೆ ಪ್ರಾಧಿಕಾರದ 'ಫಾರ್ಮಾ ಸಹಿ ದಾಮ್' ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ಬೆಲೆ ಹೋಲಿಸಬಹುದು.

4. ಸ್ಯಾಂಪಲ್ ಮಾರಿದರೆ ಎಚ್ಚರ. ಸ್ಟ್ರಿಪ್ ಮೇಲೆ ವೈದ್ಯರ ಸ್ಯಾಂಪಲ್, ಮಾರಾಟಕ್ಕಲ್ಲ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಇದ್ದರೆ ಅದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ.

5. ಪ್ಯಾರಸಿಟಮಾಲ್‌ಗೂ ಮಿತಿ ಇದೆ. ವಯಸ್ಕರು ಎರಡು ಮಾತ್ರೆಗಳ ನಡುವೆ ಕನಿಷ್ಠ 4ರಿಂದ 6 ಗಂಟೆ ಬಿಡಬೇಕು. 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. ಮೀರಿದರೆ ಲಿವರ್‌ಗೆ ಅಪಾಯ. ಮದ್ಯ ಸೇವಿಸುವವರು, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಶೀತದ ಹಲವು ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಮಕ್ಕಳಿಗೆ ತೂಕದ ಮೇಲೆ ಪ್ರಮಾಣ. ದೊಡ್ಡವರ ಮಾತ್ರೆ ಮುರಿದು ಅಂದಾಜಿನಲ್ಲಿ ಕೊಡಬೇಡಿ. ಡೆಂಗಿ ಶಂಕೆ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ನೀವಾಗಿ ತೆಗೆದುಕೊಳ್ಳಬೇಡಿ.

6. ಅಡ್ಡಪರಿಣಾಮ ಕಂಡರೆ ತಿಳಿಸಿ. ಔಷಧ ಸುರಕ್ಷತೆಯ ರಾಷ್ಟ್ರೀಯ ಉಚಿತ ಸಹಾಯವಾಣಿ 1800-180-3024. ವೈದ್ಯರ ನಡವಳಿಕೆಯ ಬಗ್ಗೆ ದಾಖಲೆ ಸಹಿತ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕೊಡಬಹುದು.

ನಮ್ಮ ತೀರ್ಮಾನ: ಭಾಗಶಃ ನಿಜ, ಆದರೆ ದಾರಿ ತಪ್ಪಿಸುವಂಥದ್ದು

ಔಷಧ ಕಂಪನಿಗಳು ವೈದ್ಯರನ್ನು ಓಲೈಸುತ್ತವೆ ಎಂಬುದು ನಿಜ. ಡೋಲೋ ಒಂದಕ್ಕೇ 1,000 ಕೋಟಿ ಎಂಬುದು ತಪ್ಪು. ಸುಪ್ರೀಂ ಕೋರ್ಟ್‌ನಲ್ಲಿ ಸಾಬೀತಾಗಿದೆ ಎಂಬುದೂ ತಪ್ಪು. ಆದ್ದರಿಂದ ಮಾತ್ರೆ ನುಂಗಬೇಡಿ ಎಂಬ ಸಲಹೆ ಅಪಾಯಕಾರಿ.

ನಿಮ್ಮ ಗ್ರೂಪ್‌ಗೆ ಆ ಹಳೆಯ ಸಂದೇಶ ಮತ್ತೆ ಬಂದರೆ ಉತ್ತರವಾಗಿ ಇದನ್ನು ಕಳಿಸಿ:

'1,000 ಕೋಟಿ ಎಂಬುದು ಒಂದು ಕಂಪನಿ ಸಮೂಹದ ಬಗ್ಗೆ ತೆರಿಗೆ ಇಲಾಖೆ 2022ರಲ್ಲಿ ಮಾಡಿದ ಅಂದಾಜು, ಡೋಲೋ ಮಾತ್ರೆಯೊಂದರದ್ದಲ್ಲ. ಪ್ಯಾರಸಿಟಮಾಲ್ ಮಿತಿಯಲ್ಲಿ ತೆಗೆದುಕೊಂಡರೆ ಸುರಕ್ಷಿತ. ಯಾವುದೇ ಔಷಧವನ್ನು ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ. ವೈದ್ಯರ ಬಳಿ ಜೆನೆರಿಕ್ ಹೆಸರು ಕೇಳಿ ಬರೆಸಿಕೊಳ್ಳಿ.'